ನಮೂನೆ ಒಂದು-ಎ

ಕೊಪ್ಪಳದ ದವಾಖಾನಿ, ಕೋಣಿ ನಂಬರ್ ಒಂಬತ್ತು.
ಬೆಂಚಿನ ಮ್ಯಾಲೆ ನಾವಿಬ್ಬರು.
ನನ್ನ ಕೈಯಾಗ ಹೊಸಾ ಹೆವಿ ಲೈಸೆನ್ಸಿನ ಅರ್ಜಿ,
ಉಸ್ತಾದನ ಕೈಯಾಗ ರಿನೀವಲ್ಲು.
ಎರಡಕ್ಕೂ ಒಂದ ಫಾರ್ಮು, ನಮೂನೆ ಒಂದು-ಎ,
ಈ ಮೈ ಲಾರಿಗೆ ಆಗತೈತೋ ಇಲ್ಲೋ ಅಂತ
ಸಹಿ ಹಾಕೋ ಹಾಳಿ.

"ನೀ ಮೊದಲು ಹೋಗು," ಅಂದ ಯಮನೂರಪ್ಪ,
ಕಿವಿಗೆ ಬೀಡಿ ಸಿಗಿಸಿಕೊಂಡು.
"ಓದಾಕ ಹಚ್ಚಿದ್ರ ಗಟ್ಟಿಯಾಗಿ ಓದು. ಗಂಡಸಿನಂಗ."

ಅಂಗಿ ಬಿಚ್ಚು. ಉಸಿರು ತಗೋ. ಬಿಡು.
ಎಳಕೊಂಡ್ರ ಎದಿಯಾಗ
ಗಿಣಗೇರಿ ಫ್ಯಾಕ್ಟರಿ ಕೆಮ್ಮಿತು.
ಇನ್ನೊಮ್ಮೆ, ಅಂದ್ರು ಡಾಕ್ಟ್ರು.
ಫಿಟ್ಸ್ ಬರತಾವೇನು? ಇಲ್ರಿ.
ತಲಿ ಸುತ್ತು? ಹಸಿವಾದಾಗ, ಅಷ್ಟ.
ಬೆರಳು ಮಡಚು, ಬಿಚ್ಚು.
ಜಾಕು ತಿರುವಿ ದಡ್ಡುಗಟ್ಟಿದ ಅಂಗೈ
ಒತ್ತಿ ನೋಡಿ ನರ್ಸಮ್ಮ, "ಇದು ರೋಗ ಅಲ್ಲ ಬಿಡು," ಅಂದ್ಳು.
ಬಣ್ಣದ ಚುಕ್ಕಿಯೊಳಗ ಅಡಗಿದ ಅಂಕಿ ಹುಡುಕಿದೆ.
ಗ್ವಾಡಿ ಮ್ಯಾಲಿನ ಪಟ್ಟಿ ಓದಿದೆ
ಕಟ್ಟಕಡೀ ಸಾಲಿನ ತನಕ,
ಗಟ್ಟಿಯಾಗಿ.
ಠಸ್ಸೆ ಬಿತ್ತು.

ಆಮ್ಯಾಲೆ ಅವ.
ಬೆನ್ನ ಹಿಂದ ನಿಂತು ಡಾಕ್ಟ್ರು ಪಿಸುಗುಟ್ಟಿದ್ದು
ನನಗ ಕೇಳಲಿಲ್ಲ, ಅವಗ ಕೇಳ್ತು.
"ಮುನಿರಾಬಾದ್ ಅಂದ್ರಿ, ಸಾಹೇಬ್ರ."
ಬಾಗು ಅಂದ್ರು. ಬಾಗಿದ. ಸೊಂಟ ಕಟಕ್ ಅಂತು,
ಅದಕ್ಕ ಫಾರ್ಮಿನಾಗ ಕಾಲಂ ಇರಲಿಲ್ಲ.
ಬಲಗಣ್ಣು ಮುಚ್ಚಿಕೊಂಡು ಪಟ್ಟಿ ಓದಿದ,
ಮಗ್ಗಿ ಒಪ್ಪಿಸಿದಂಗ, ಕಡೀ ಸಾಲಿನ ತನಕ.
ನರ್ಸಮ್ಮ ಏನೂ ಅನ್ನಲಿಲ್ಲ.
ಪಟ್ಟಿ ತಿರುವಿ ಹಾಕಿದ್ಳು.
"ಈಗ ಓದ್ರಿ."

ಅವ ಓದಿದ,
ಅದ ಹಳೇ ಸಾಲು, ಅದ ರಾಗ,
ನಾ ಉಗ್ಗಿದ್ದ ಒಂದು ಅಕ್ಷರದ ಹತ್ರ
ತಾನೂ ಉಗ್ಗಿ.

ಫ್ಯಾನು ತಿರಗತಿತ್ತು.

ಮೂರು ವರ್ಷ.
ರಾತ್ರಿ ಲೋಡು ಹೊಂಟ್ರ ಸಾಕು,
"ಬೋರ್ಡು ಓದೋ, ಶಾಲಿ ಬಿಟ್ಟಾವ,
ಅಕ್ಷರಕ್ಕ ಜಂಗು ಹಿಡಿತೈತಿ."
ಓದತಿದ್ದೆ. ಹಿಟ್ನಾಳ ಟೋಲ್. ಬೂದಗುಂಪಾ ಕ್ರಾಸ್.
ಮುಂದೆ ಉಬ್ಬು ಇದೆ. ಕಾಮಗಾರಿ ನಡೆದಿದೆ, ನಿಧಾನ.
ನನಗ ಕಲಸಾಕ ಹತ್ಯಾನ ಅಂತ ಖುಷಿ.
ಅವ್ವನ ಮುಂದ ಹೇಳಿದ್ದೆ,
ನಮ್ಮ ಉಸ್ತಾದ ಮಾಸ್ತರ ಆಗಬೇಕಿತ್ತು ಅಂತ.

ಹಿಂದ ಇಪ್ಪತ್ತೈದು ಟನ್ನು ಬೀಡು ಕಬ್ಬಿಣ,
ಮುಂದ ಬೈಕಿನವರು, ಕುರಿ ಹಿಂಡು, ಯಾರ್ಯಾರೋ,
ನಡುವ ನನ್ನ ನಾಲಗಿ ಒಂದ.
ಒಂದಿನ ನಾ ನಿದ್ದಿ ಹೋಗಿದ್ದೆ, ತಳಕಲ್ ಹತ್ರ.
ಎಚ್ಚರಾದಾಗ ಗಾಡಿ ರಸ್ತೆ ಬದಿಗೆ ನಿಂತಿತ್ತು.
ಸ್ಟೇರಿಂಗಿಗೆ ಹಣಿ ಹಚ್ಚಿ ಕೂತಿದ್ದ.
"ಎಂಜಿನ್ ಬಿಸಿ ಆಗೇತಿ," ಅಂದ.
ನಾ ನೀರು ಹಾಕಾಕ ಇಳಿದೆ.
ರೇಡಿಯೇಟರು ತಣ್ಣಗಿತ್ತು.
ಅವತ್ತೂ ತಿಳೀಲಿಲ್ಲ ನನಗ.

"ಎರಡೂ ಕಣ್ಣಿಗೆ ಪೊರಿ ಬಂದೈತಿ.
ಯಾವಾಗಿಂದ ಕಾಣಂಗಿಲ್ಲ?" ಅಂದ್ರು ಡಾಕ್ಟ್ರು.
ಉಸ್ತಾದ ಬಾಗಿಲ ಕಡೆ ತಿರುಗಿದ.
ನಾ ನಿಂತಿದ್ದು ಅಲ್ಲಿ ಅಲ್ಲ, ಕಿಟಕಿ ಹತ್ರ.
"ಹುಡುಗ ಇದ್ದಾಗ ಕಾಣತಿತ್ರಿ," ಅಂದ.

ನನ್ನ ಲೈಸೆನ್ಸು ಬಂತು ಪೋಸ್ಟಿನಾಗ.
ಅವನ ಆಪರೇಷನ್ನಿಗೆ ಇನ್ನೂ ಹನ್ನೆರಡು ದಿನ.
ಮನ್ಯಾಗ ಕೂಡವಲ್ಲ. ಕ್ಲೀನರ್ ಸೀಟಿನಾಗ ಏರಿ ಕೂತ.
ಕನ್ನಡಿ ಅವನ ಎತ್ತರಕ್ಕಿತ್ತು,
ನನ್ನ ಎತ್ತರಕ್ಕ ಇಳಿಸಿದೆ.
"ಸೆಕೆಂಡಿನಾಗ ಅಳಸಬ್ಯಾಡ, ಥರ್ಡಿಗೆ ಹಾಕು," ಅಂದ,
ಕಣ್ಣು ಮುಚ್ಚಿಕೊಂಡ.

ಟೋಲಿನ ದೀಪ ಹಿಂದ ಉಳೀತು.
ಬಾಯಿ ತನ್ನಷ್ಟಕ್ಕ ತಾನ ಓದ್ತು:
"ಬೂದಗುಂಪಾ ಕ್ರಾಸ್."
"ಗೊತ್ತೈತಿ ಸುಮ್ಮನ ಹೊಡಿ," ಅಂದ.

ಅರ್ಧ ಬೀಡಿ ಸುಟ್ಟ ಮ್ಯಾಲೆ,
ಕಿಟಕಿ ಕಡೆ ಮಾರಿ ಮಾಡಿ:
"ಮುಂದಿನ ಬೋರ್ಡು ಏನೈತಿ?"